ಎಂಜಿನ್ನಿನ ಉಸಿರು ಹೆಪ್ಪುಗಟ್ಟಿದಾಗ

ಅದು 1927ರ ಮೇ 10ರ ರಾತ್ರಿ. ಅಮೆರಿಕದ ಸ್ಯಾನ್ ಡಿಯಾಗೊ ನಗರದಿಂದ ಹೊರಟಿದ್ದ ಒಂಟಿ ಎಂಜಿನ್ನಿನ ಪುಟ್ಟ ವಿಮಾನವೊಂದು ಅರಿಜೋನ ಸೀಮೆಯ ಬೆಟ್ಟಗಳ ಮೇಲೆ ಹಾರುತ್ತಿತ್ತು. ಅದರೊಳಗೆ ಇದ್ದವನು ಒಬ್ಬನೇ. ಹೆಸರು ಚಾರ್ಲ್ಸ್ ಲಿಂಡ್‌ಬರ್ಗ್, ವಯಸ್ಸು 25. ಇದ್ದಕ್ಕಿದ್ದಂತೆ ಎಂಜಿನ್ ಕೆಮ್ಮತೊಡಗಿತು, ನಡುಗತೊಡಗಿತು. ವಿಮಾನ ಎತ್ತರ ಕಳೆದುಕೊಳ್ಳತೊಡಗಿತು. ಕೆಳಗೆ ಕತ್ತಲೆ, ಕತ್ತಲೆಯೊಳಗೆ ಕಲ್ಲುಬಂಡೆ. ಟ್ಯಾಂಕಿನಲ್ಲಿ ಬೇಕಾದಷ್ಟು ಪೆಟ್ರೋಲ್ ಇತ್ತು, ಎಂಜಿನ್ ಹೊಚ್ಚ ಹೊಸದು. ಆದರೂ ಅದು ಉಸಿರುಗಟ್ಟಿದವರಂತೆ ಒದ್ದಾಡುತ್ತಿತ್ತು. ಲಿಂಡ್‌ಬರ್ಗ್ ಅಲ್ಲೇ ಸುತ್ತುಹಾಕುತ್ತ ಎಂಜಿನ್ನನ್ನು ಸಂಭಾಳಿಸಿದ. ಕೆಲ ಹೊತ್ತಿನ ಮೇಲೆ ಅದು ತಾನಾಗಿಯೇ ಸುಧಾರಿಸಿಕೊಂಡಿತು.

ಎಂಜಿನ್ನಿಗೆ ಏನಾಗಿತ್ತು? ಕಾರ್ಬ್ಯುರೇಟರಿನ ಕಂಠದಲ್ಲಿ ಮಂಜುಗಡ್ಡೆ ಕಟ್ಟಿರಬೇಕು ಎಂಬುದು ಆತನ ಅನುಮಾನ. ನ್ಯೂಯಾರ್ಕ್ ತಲುಪಿದ ಮೇಲೆ ಕರ್ಟಿಸ್ ಫೀಲ್ಡ್ ವಿಮಾನನೆಲೆಯಲ್ಲಿ ಆ ಎಂಜಿನ್ನಿಗೆ ಒಂದು ಹೊಸ ಸಾಧನ ಜೋಡಿಸಲಾಯಿತು: ಒಳಗೆ ಹೋಗುವ ಗಾಳಿಯನ್ನು ಬೆಚ್ಚಗೆ ಮಾಡುವ ಕೊಳವೆ. ತೂಕ ಉಳಿಸಬೇಕೆಂದು ರೇಡಿಯೊ ಬಿಟ್ಟ, ಪ್ಯಾರಾಚೂಟನ್ನೂ ಬಿಟ್ಟ ಆ ಮನುಷ್ಯ ಈ ಕೊಳವೆಗೆ ಮಾತ್ರ ಒಪ್ಪಿಕೊಂಡ. ಮೇ 20ರಂದು ಹೊರಟು ಮೂವತ್ತಮೂರೂವರೆ ಗಂಟೆ ಒಂದೇ ಸಮನೆ ಹಾರಿ ಪ್ಯಾರಿಸ್ಸಿನಲ್ಲಿ ಇಳಿದ. ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ, ಎಲ್ಲೂ ನಿಲ್ಲದೆ ದಾಟಿದ ಮೊದಲ ಮನುಷ್ಯ ಎಂದು ಜಗತ್ತು ಅವನನ್ನು ಹೊಗಳಿತು. ಆ ಕೊಳವೆಯನ್ನು ಯಾರೂ ಹೊಗಳಲಿಲ್ಲ!

ಗ್ಯಾರೇಜಿನ ಒಂದು ಸಲಹೆ

ಲಿಂಡ್‌ಬರ್ಗ್ ವಿಮಾನದ ಆ ಕೊಳವೆಯ ವಂಶಸ್ಥರು ಇಂದಿನ ಹಲವು ಕಾರುಗಳಲ್ಲಿದ್ದಾರೆ. ಬಾನೆಟ್ ಎತ್ತಿ ನೋಡಿದರೆ ಎಂಜಿನ್ನಿಗೆ ಗಾಳಿ ಒಳಬಿಡುವ ದ್ವಾರದಲ್ಲಿ ಥ್ರಾಟಲ್ ಬಾಡಿ ಎಂಬ ಲೋಹದ ಭಾಗವಿರುತ್ತದೆ. ಅದರೊಳಗೆ ನಾಣ್ಯದಂಥ ಒಂದು ದುಂಡು ತಗಡು. ಆಕ್ಸಿಲರೇಟರ್ ತುಳಿದರೆ ಅದು ತೆರೆದುಕೊಳ್ಳುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಹಲವು ಮಾದರಿಗಳಲ್ಲಿ ಈ ಭಾಗಕ್ಕೆ ಎರಡು ಸಣ್ಣ ರಬ್ಬರ್ ಪೈಪುಗಳು ಬಂದು ಸೇರುತ್ತವೆ. ಎಂಜಿನ್ನನ್ನು ಸುತ್ತಿ ಬಿಸಿಯಾದ ಕೂಲೆಂಟ್ ಒಂದರಲ್ಲಿ ಒಳಬಂದು ಇನ್ನೊಂದರಲ್ಲಿ ಹೊರಹೋಗುತ್ತದೆ.

ವೇಗದ ಹುಚ್ಚು ಹತ್ತಿದವರ ನಡುವೆ ಒಂದು ಸಲಹೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಎಂಜಿನ್ನಿಗೆ ತಣ್ಣನೆ ಗಾಳಿ ಸಿಕ್ಕಷ್ಟೂ ಶಕ್ತಿ ಹೆಚ್ಚು. ಹಾಗಿರುವಾಗ ಗಾಳಿ ಒಳಹೋಗುವ ಬಾಗಿಲನ್ನೇ ಬಿಸಿ ಮಾಡುವುದೇಕೆ? ಆ ಎರಡು ಪೈಪುಗಳನ್ನು ಕಿತ್ತು, ಒಂದಕ್ಕೊಂದು ನೇರ ಜೋಡಿಸಿಬಿಟ್ಟರೆ ಆಯಿತಲ್ಲ! ಖರ್ಚು ಪೈಪಿನ ಒಂದು ತುಂಡು, ಎರಡು ಕ್ಲಿಪ್ಪು. ಕೆಲಸ ಅರ್ಧ ಗಂಟೆಯದು.

ಸಲಹೆ ಸರಳವಾಗಿದೆ. ಆದರೆ ಚಳಿಯ ಸೀಮೆಯಲ್ಲಿ ಹೀಗೆ ಮಾಡಬಹುದೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಗುತ್ತದೆ. ಏಕೆಂದರೆ ಎಂಜಿನ್ನಿಗೆ ಬಿಸಿ ಬೇಕೋ ತಂಪು ಬೇಕೋ ಎಂಬ ಈ ಜಗಳ ಮೋಟಾರು ವಾಹನದಷ್ಟೇ ಹಳೆಯದು.

ಹೂಜಿಯ ನೀರಿನ ನ್ಯಾಯ

ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಎಲ್ಲರಿಗೂ ಗೊತ್ತು. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಹೂಜಿಯಿಂದಲೇ ಎಳೆದುಕೊಳ್ಳುತ್ತದೆ. ಸೂಜಿ ಚುಚ್ಚುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಾಗ ಚಳಕ್ಕೆನ್ನುವುದೂ ಇದೇ ಕಾರಣಕ್ಕೆ. ಪೆಟ್ರೋಲ್ ನೀರಿಗಿಂತ ಬಹುಬೇಗ ಆವಿಯಾಗುವ ದ್ರವ. ಅದು ಗಾಳಿಯೊಂದಿಗೆ ಬೆರೆತು ಆವಿಯಾಗುವಾಗ ಸುತ್ತಲಿನ ಗಾಳಿಯೂ ಲೋಹವೂ ತಟ್ಟನೆ ತಣ್ಣಗಾಗುತ್ತವೆ.

ಇದರ ಜೊತೆಗೆ ಇನ್ನೊಂದು ಕಾರಣವಿದೆ. ಇಟಲಿಯ ಭೌತವಿಜ್ಞಾನಿ ಜಿಯೊವಾನಿ ಬಟಿಸ್ಟ ವೆಂಚುರಿ 1797ರಲ್ಲಿ, ಇಕ್ಕಟ್ಟಾದ ಕಂಠದಲ್ಲಿ ಹರಿಯುವ ದ್ರವದ ವೇಗ ಹೆಚ್ಚಿ ಒತ್ತಡ ಇಳಿಯುವುದನ್ನು ವಿವರಿಸಿದ್ದ. ಕಾರ್ಬ್ಯುರೇಟರ್ ಕೆಲಸ ಮಾಡುವುದು ಇದೇ ತತ್ವದ ಮೇಲೆ. ಗಾಳಿ ಇಕ್ಕಟ್ಟಿನಲ್ಲಿ ನುಗ್ಗುವಾಗ ಒತ್ತಡ ಇಳಿದು ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಒತ್ತಡ ಇಳಿದಾಗ ಗಾಳಿಯ ಉಷ್ಣತೆಯೂ ಇಳಿಯುತ್ತದೆ.

ಎರಡೂ ಸೇರಿದರೆ ಕಾರ್ಬ್ಯುರೇಟರಿನೊಳಗೆ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕುಸಿಯಬಹುದು. ಹೊರಗೆ 20 ಡಿಗ್ರಿಯ ಹಿತವಾದ ಹವೆ ಇದ್ದರೂ ಒಳಗೆ ನೀರು ಹೆಪ್ಪುಗಟ್ಟುವ ಚಳಿ! ಗಾಳಿಯಲ್ಲಿನ ತೇವ ಆ ಲೋಹದ ಗೋಡೆಗೆ, ಥ್ರಾಟಲ್ ತಗಡಿನ ಅಂಚಿಗೆ ಮಂಜುಗಡ್ಡೆಯಾಗಿ ಅಂಟಿಕೊಳ್ಳುತ್ತದೆ. ಕಂಠ ಇನ್ನಷ್ಟು ಇಕ್ಕಟ್ಟಾಗುತ್ತದೆ. ಇಕ್ಕಟ್ಟಾದಷ್ಟೂ ಚಳಿ ಹೆಚ್ಚುತ್ತದೆ, ಚಳಿ ಹೆಚ್ಚಿದಷ್ಟೂ ಮಂಜು ಬೆಳೆಯುತ್ತದೆ.

ಇಲ್ಲೊಂದು ವಿಚಿತ್ರವಿದೆ. ಇದು ಕಡುಚಳಿಯ ಕಾಯಿಲೆಯಲ್ಲ. ಸೊನ್ನೆಗಿಂತ ಹತ್ತಾರು ಡಿಗ್ರಿ ಕೆಳಗಿನ ಚಳಿಯಲ್ಲಿ ಗಾಳಿ ಒಣಗಿರುತ್ತದೆ. ಇರುವ ಅಲ್ಪ ತೇವವೂ ಹರಳಾಗಿ, ಎಲ್ಲಿಯೂ ಅಂಟದೆ ಸಾಗಿಹೋಗುತ್ತದೆ. ಹದವಾದ ಚಳಿ, ತುಂಬಿದ ತೇವ ಎರಡೂ ಸೇರಿದ ದಿನವೇ ಅಪಾಯದ ದಿನ. ಮಡಿಕೇರಿಯ ಜುಲೈ ತಿಂಗಳನ್ನು ನೆನೆದರೆ ಸಾಕು, ಅದು ಎಂಥ ಹವೆ ಎಂಬುದು ತಿಳಿಯುತ್ತದೆ.

ಫೋರ್ಡ್ ಕೊಟ್ಟ ಉತ್ತರ

ಕಾರ್ಲ್ ಬೆನ್ಜ್‌ನ ಮೊದಲ ಮೋಟಾರು ಬಂಡಿಯಲ್ಲಿ ಇಂದಿನ ಅರ್ಥದ ಕಾರ್ಬ್ಯುರೇಟರ್ ಇರಲಿಲ್ಲ. ಪಾತ್ರೆಯಲ್ಲಿದ್ದ ಇಂಧನದ ಮೇಲೆ ಗಾಳಿ ಹಾಯಿಸಿ, ಏಳುವ ಆವಿಯನ್ನು ಎಂಜಿನ್ನಿಗೆ ಬಿಡುವ ಏರ್ಪಾಟು ಅದು. 1888ರ ಆಗಸ್ಟ್‌ನಲ್ಲಿ ಆತನ ಹೆಂಡತಿ ಬರ್ತಾ ಬೆನ್ಜ್ ಇಬ್ಬರು ಮಕ್ಕಳೊಡನೆ ಮಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ಆ ಬಂಡಿಯಲ್ಲಿ ಹೋದಾಗ ದಾರಿಯಲ್ಲಿ ವೀಸ್‌ಲೋಕ್ ಊರಿನ ಔಷಧಿ ಅಂಗಡಿಯಿಂದ ಇಂಧನ ಕೊಳ್ಳಬೇಕಾಯಿತು. 1893ರಲ್ಲಿ ಹಂಗೇರಿಯ ದೊನಾತ್ ಬಾಂಕಿ ಮತ್ತು ಯಾನೋಷ್ ಚೊಂಕಾ, ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ ಬೇರೆಬೇರೆಯಾಗಿ, ಇಂಧನವನ್ನು ತುಂತುರಾಗಿ ಚಿಮ್ಮಿಸುವ ಕಾರ್ಬ್ಯುರೇಟರುಗಳನ್ನು ರೂಪಿಸಿದರು. ತುಂತುರು ಬಂತು, ಅದರ ಬೆನ್ನಿಗೇ ಚಳಿಯೂ ಬಂತು.

1908ರಿಂದ 1927ರವರೆಗೆ ಒಂದೂವರೆ ಕೋಟಿ ಸಂಖ್ಯೆಯಲ್ಲಿ ತಯಾರಾದ ಫೋರ್ಡ್ ಕಂಪನಿಯ 'ಮಾಡೆಲ್ ಟಿ' ಕಾರಿನಲ್ಲಿ ಇದಕ್ಕೊಂದು ಸುಲಭ ಉಪಾಯವಿತ್ತು. ಸುಟ್ಟ ಹೊಗೆ ಹೊರಹೋಗುವ ಕೊಳವೆಯ ಸುತ್ತಲಿನ ಬಿಸಿ ಗಾಳಿಯನ್ನು ಒಂದು ತಗಡಿನ ನಳಿಕೆಯ ಮೂಲಕ ಕಾರ್ಬ್ಯುರೇಟರಿಗೆ ಒಯ್ಯಲಾಗುತ್ತಿತ್ತು. ಕಾರು ಕೊಂಡವರಿಗೆ ಕಂಪನಿ ಕೊಡುತ್ತಿದ್ದ ಪ್ರಶ್ನೋತ್ತರ ರೂಪದ ಕೈಪಿಡಿಯಲ್ಲಿ ಈ ನಳಿಕೆಯ ಬಗ್ಗೆಯೂ ಒಂದು ಪ್ರಶ್ನೆಯಿತ್ತು. ಉತ್ತರದ ಸಾರ ಇಷ್ಟು: ಬೇಸಿಗೆಯಲ್ಲಿ ಇದನ್ನು ತೆಗೆದಿಡುವುದು ಒಳ್ಳೆಯದು, ಚಳಿಗಾಲದಲ್ಲಿ ಮಾತ್ರ ಇದು ಇರಲೇಬೇಕು.

ಇಂದಿನ ಗ್ಯಾರೇಜುಗಳಲ್ಲಿ ನಡೆಯುವ ವಾದಕ್ಕೆ ನೂರು ವರ್ಷದ ಹಿಂದೆಯೇ ಸಿಕ್ಕಿದ್ದ ತೀರ್ಪು ಇದು. ಒಂದೇ ವ್ಯತ್ಯಾಸವೆಂದರೆ, ಆಗ ನಳಿಕೆಯನ್ನು ತೆಗೆಯುವುದೂ ಹಾಕುವುದೂ ಋತುವಿಗೆ ತಕ್ಕಂತೆ ನಡೆಯುತ್ತಿತ್ತು. ಈಗ ಪೈಪ್ ಕಿತ್ತವರು ಚಳಿಗಾಲ ಬಂದಾಗ ಮತ್ತೆ ಜೋಡಿಸುವುದು ಅಪರೂಪ.

ಸಾಕ್ಷಿಯೇ ಕರಗುವ ಅಪರಾಧ

ರಸ್ತೆಯ ಮೇಲೆ ಎಂಜಿನ್ ನಿಂತರೆ ಬದಿಗೆ ಸರಿಸಿ ಕಾಯಬಹುದು. ಎಂಜಿನ್ನಿನ ಬಿಸಿಗೆ ಹತ್ತು ನಿಮಿಷದಲ್ಲಿ ಮಂಜು ಕರಗಿ ಕಾರು ಮತ್ತೆ ಹೊರಡುತ್ತದೆ. ಏನಾಗಿತ್ತೆಂಬುದು ಮೆಕ್ಯಾನಿಕ್ಕಿಗೂ ತಿಳಿಯುವುದಿಲ್ಲ. ಆಕಾಶದಲ್ಲಿ ಆ ಹತ್ತು ನಿಮಿಷ ಯಾರೂ ಕೊಡುವುದಿಲ್ಲ. ವಿಮಾನ ಬಿದ್ದ ಮೇಲೆ ತನಿಖೆಗೆ ಬಂದವರಿಗೆ ಕಾಣುವುದು ಒಣಗಿದ, ಸುಸ್ಥಿತಿಯಲ್ಲಿರುವ ಕಾರ್ಬ್ಯುರೇಟರ್! ಕೊಂದ ಆಯುಧ ನೀರಾಗಿ ಹರಿದುಹೋಗಿರುತ್ತದೆ. ಅಂದಿನ ಹವೆಯ ಲೆಕ್ಕ, ಎಂಜಿನ್ನಿನ ವರ್ತನೆ ಇವುಗಳಿಂದಲೇ ಕಾರಣವನ್ನು ಊಹಿಸಬೇಕು.

ಹೀಗಾಗಿ ಕಾರ್ಬ್ಯುರೇಟರ್ ಇರುವ ಸಣ್ಣ ವಿಮಾನಗಳಲ್ಲಿ ಪೈಲಟ್‌ನ ಮುಂದೆ 'ಕಾರ್ಬ್ ಹೀಟ್' ಎಂಬ ಗುಂಡಿಯೊಂದು ಇರುತ್ತದೆ. ಅದನ್ನು ಎಳೆದರೆ ಎಂಜಿನ್ನಿಗೆ ಬಿಸಿ ಗಾಳಿ ಹೋಗುತ್ತದೆ. ವಿಮಾನ ಕೆಳಗಿಳಿಯಲು ಥ್ರಾಟಲ್ ಕಡಿಮೆ ಮಾಡುವ ಮೊದಲೇ ಇದನ್ನು ಎಳೆಯಬೇಕೆಂದು ಕಲಿಸುತ್ತಾರೆ. ಏಕೆಂದರೆ ಅರೆಮುಚ್ಚಿದ ತಗಡಿನ ಅಂಚಿನಲ್ಲೇ ಮಂಜು ಬೇಗ ಕಟ್ಟುತ್ತದೆ; ಅಷ್ಟೇ ಅಲ್ಲ, ಎಂಜಿನ್ ತಣ್ಣಗಾದ ಮೇಲೆ ಕರಗಿಸಲು ಬೇಕಾದ ಬಿಸಿಯೇ ಸಿಗುವುದಿಲ್ಲ.

ಇದರಲ್ಲಿ ಹೊಸಬರನ್ನು ದಾರಿ ತಪ್ಪಿಸುವ ಒಂದು ಮಾಯೆಯಿದೆ. ಬಿಸಿ ಗಾಳಿ ಬಿಟ್ಟೊಡನೆ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಮಂಜು ಕರಗಿದ ನೀರು ಒಳಗೆ ಹೋಗಿ ಎಂಜಿನ್ ಇನ್ನಷ್ಟು ಜೋರಾಗಿ ಕೆಮ್ಮುತ್ತದೆ. ಗಾಬರಿಯಾದವರು ಮದ್ದಿನಿಂದಲೇ ಕಾಯಿಲೆ ಹೆಚ್ಚಿತೆಂದು ತಿಳಿದು ಗುಂಡಿಯನ್ನು ಹಿಂದಕ್ಕೆ ತಳ್ಳಿಬಿಡುತ್ತಾರೆ. ಆಗ ಮಂಜು ಮತ್ತೆ ಬೆಳೆಯುತ್ತದೆ.

ಈ ಪಾಠಕ್ಕೂ ಬೆಂಗಳೂರಿಗೂ ನಂಟಿದೆ. ಇಲ್ಲಿನ ಹಿಂದುಸ್ತಾನ್ ಏರೋನಾಟಿಕ್ಸ್ ತಯಾರಿಸಿದ 'ಪುಷ್ಪಕ್' ವಿಮಾನ ಮೊದಲು ಹಾರಿದ್ದು 1958ರಲ್ಲಿ. ಎರಡು ಆಸನದ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನಿನ ಈ ವಿಮಾನದಲ್ಲಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳ ಎಷ್ಟೋ ಮಂದಿ ಹಾರಲು ಕಲಿತರು. ಕಾಂಟಿನೆಂಟಲ್ ಕುಲದ ಈ ಸಣ್ಣ ಎಂಜಿನ್ನುಗಳಲ್ಲಿ ಕಾರ್ಬ್ಯುರೇಟರ್ ಎಂಜಿನ್ನಿನ ಬಿಸಿ ಮೈಯಿಂದ ದೂರ ನೇತಾಡುತ್ತದೆ. ಲೈಕಮಿಂಗ್ ಎಂಜಿನ್ನುಗಳಲ್ಲಾದರೆ ಅದನ್ನು ಬಿಸಿ ಎಣ್ಣೆಯ ತೊಟ್ಟಿಗೇ ಬಿಗಿದಿರುತ್ತಾರೆ. ಹೀಗಾಗಿ ಮಂಜು ಕಟ್ಟುವ ಸ್ವಭಾವ ಕಾಂಟಿನೆಂಟಲ್‌ಗೇ ಹೆಚ್ಚು. ಬೋಲ್ಟು ಬಿಗಿಯುವ ಜಾಗ ಬದಲಾದರೆ ಸ್ವಭಾವವೇ ಬದಲಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಬಿಸಿಯ ಈ ಏರ್ಪಾಟು ದೊಡ್ಡ ವಿಮಾನಗಳಿಗೂ ಬೇಕಿತ್ತು. 1948ರ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಲೇಹ್‌ನಲ್ಲಿ ಮೊದಲ ಬಾರಿಗೆ ವಿಮಾನ ಇಳಿಸಿದಾಗ ಅವರ ಜೊತೆಗಿದ್ದವರು ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಅವರು ಹೋದದ್ದು ಡಕೋಟದಲ್ಲಿ. ಅದರ ಎರಡು ಎಂಜಿನ್ನುಗಳೂ ಕಾರ್ಬ್ಯುರೇಟರಿನವೇ. ಅವಕ್ಕೂ ಬಿಸಿ ಗಾಳಿಯ ಸನ್ನೆಗಳು ಪೈಲಟ್‌ನ ಕೈಯಳತೆಯಲ್ಲೇ ಇದ್ದವು.

ತಂಪಿನ ಲಾಭ

ಹಾಗೆಂದು ತಂಪನ್ನು ಬಯಸಿದವರೆಲ್ಲ ದಡ್ಡರೆಂದು ಅರ್ಥವಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಮೆಸರ್‌ಷ್ಮಿಟ್ 109 ವಿಮಾನದ ಡೈಮ್ಲರ್-ಬೆನ್ಜ್ ಎಂಜಿನ್ನಿನಲ್ಲಿ ಇಂಧನವನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸಲಾಗುತ್ತಿತ್ತು. ಅದಕ್ಕೆ ಕಾರ್ಬ್ಯುರೇಟರಿನ ಮಂಜಿನ ಕಾಟವಿರಲಿಲ್ಲ. ಬ್ರಿಟನ್ನಿನ ಸ್ಪಿಟ್‌ಫೈರ್‌ನ ರೋಲ್ಸ್-ರಾಯ್ಸ್ ಮರ್ಲಿನ್ ಎಂಜಿನ್ ಕಾರ್ಬ್ಯುರೇಟರಿಗೇ ಅಂಟಿಕೊಂಡಿತ್ತು. ಇದಕ್ಕೆ ಕಾರಣವೂ ಇತ್ತು. ಪೆಟ್ರೋಲ್ ಮೊದಲೇ ಆವಿಯಾದರೆ ಗಾಳಿ ಸುಮಾರು 25 ಡಿಗ್ರಿ ತಣ್ಣಗಾಗಿ ದಟ್ಟವಾಗುತ್ತದೆ, ದಟ್ಟವಾದ ಗಾಳಿಯನ್ನು ಹೆಚ್ಚು ತುಂಬಬಹುದು, ಶಕ್ತಿ ಹೆಚ್ಚುತ್ತದೆ. ಅಂದರೆ ಎಂಜಿನ್ನಿಗೆ ಬಲ ಕೊಡುವ ತಂಪೂ ಅದರ ಉಸಿರುಗಟ್ಟಿಸುವ ತಂಪೂ ಒಂದೇ!

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಎಂಜಿನ್ನಿಗೆ ಸಿಗುತ್ತಿದ್ದುದು 25 ಡಿಗ್ರಿಯ ಲಾಭ. ಇಂದು ಪೈಪ್ ಕಿತ್ತವರಿಗೆ ಸಿಗುವ ಲಾಭವೆಷ್ಟು?

ಲೆಕ್ಕ ಏನು ಹೇಳುತ್ತದೆ?

ಎರಡು ಲೀಟರ್ ಸಾಮರ್ಥ್ಯದ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 100 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಥ್ರಾಟಲ್ ಬಾಡಿಯ ಕಂಠ 6 ಸೆಂಟಿಮೀಟರ್ ಅಗಲ, ಅಷ್ಟೇ ಉದ್ದ ಎಂದಿಟ್ಟುಕೊಳ್ಳೋಣ. ಗಾಳಿ ಅದನ್ನು ದಾಟಲು ಬೇಕಾದ ಸಮಯ ಸೆಕೆಂಡಿನ ಸಾವಿರದ ಎರಡು ಭಾಗ ಮಾತ್ರ. ಕಾದ ಕಾವಲಿಯ ಮೇಲೆ ಕೈಯನ್ನು ಸರ್ರನೆ ಆಡಿಸಿದಂತೆ. ಲೋಹ ಎಷ್ಟೇ ಬಿಸಿಯಿರಲಿ, ಅಷ್ಟರಲ್ಲಿ ಗಾಳಿಗೆ ತಗಲುವುದು ಹೆಚ್ಚೆಂದರೆ ಒಂದು ಡಿಗ್ರಿಯ ಆಸುಪಾಸಿನ ಬಿಸಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಕುಗ್ಗುವುದು ಸುಮಾರು ಮುನ್ನೂರರಲ್ಲಿ ಒಂದು ಪಾಲು. ನೂರು ಅಶ್ವಶಕ್ತಿಯ ಎಂಜಿನ್ನಿನಲ್ಲಿ ಅದು ಮೂರನೇ ಒಂದಂಶ ಅಶ್ವಶಕ್ತಿ! ಕಾರಿನ ಹಿಂದಿನ ಸೀಟಿನಲ್ಲಿ ಮರೆತುಬಿಟ್ಟ ಒಂದು ಅಕ್ಕಿಮೂಟೆಯನ್ನು ಕೆಳಗಿಳಿಸಿದರೆ ಇದಕ್ಕಿಂತ ಹೆಚ್ಚಿನ ಲಾಭ ಸಿಕ್ಕೀತು.

ಹೊಗೆಯ ಕಾನೂನು ತಂದ ತೇವ

ಪೆಟ್ರೋಲ್ ಇಂಜೆಕ್ಷನ್ ಬಂದ ಮೇಲೂ ಬಿಸಿಯ ಅಗತ್ಯ ಏಕೆ ಉಳಿಯಿತು ಎಂಬ ಪ್ರಶ್ನೆ ಸಹಜ. 1967ರಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಇಂಜೆಕ್ಷನ್ ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಬಂತು. ಭಾರತದಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ದೆಹಲಿ ವಲಯಕ್ಕೆ ಯೂರೊ ಮಾನದಂಡಗಳ ಗಡುವು ವಿಧಿಸಿದ ಬಳಿಕ ಕಾರುಗಳಿಂದ ಕಾರ್ಬ್ಯುರೇಟರ್ ಬೇಗಬೇಗನೆ ಮರೆಯಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಯಾದಾಗ ಹೊಸ ದ್ವಿಚಕ್ರ ವಾಹನಗಳಿಂದಲೂ ಅದು ಬಹುಮಟ್ಟಿಗೆ ಹೊರಬಿತ್ತು. ಡಿಸೆಂಬರ್ ಬೆಳಗಿನಲ್ಲಿ ಚೋಕ್ ಎಳೆದು, ಸ್ಕೂಟರನ್ನು ಒಂದು ಬದಿಗೆ ವಾಲಿಸಿ, ಮತ್ತೆ ನಿಲ್ಲಿಸಿ ಕಿಕ್ ಹೊಡೆಯುವ ದೃಶ್ಯ ಬೆಂಗಳೂರಿನ ಬೀದಿಗಳಿಂದ ಅದರೊಂದಿಗೇ ಕಣ್ಮರೆಯಾಗುತ್ತ ಬಂತು.

ಬಹುತೇಕ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಪೆಟ್ರೋಲ್ ಚಿಮ್ಮುವುದು ಥ್ರಾಟಲ್ ತಗಡನ್ನು ದಾಟಿದ ಮೇಲೆ. ಹೂಜಿಯ ನ್ಯಾಯ ಇಲ್ಲಿ ಅನ್ವಯಿಸುವುದಿಲ್ಲ. ಆದರೆ ತೇವ ಬರುವ ಇನ್ನೊಂದು ದಾರಿ ಅಷ್ಟರಲ್ಲಿ ತೆರೆದುಕೊಂಡಿತ್ತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಅಲ್ಪ ಭಾಗ ಪಿಸ್ಟನ್ ಉಂಗುರಗಳ ಸಂದಿಯಿಂದ ನುಸುಳಿ ಎಂಜಿನ್ನಿನ ಕೆಳಭಾಗ ಸೇರುತ್ತದೆ. ಹಿಂದಿನ ಕಾರುಗಳಲ್ಲಿ ಈ ಹೊಗೆಯನ್ನು ಒಂದು ಕೊಳವೆಯ ಮೂಲಕ ರಸ್ತೆಗೇ ಬಿಟ್ಟುಬಿಡುತ್ತಿದ್ದರು. ಲಾಸ್ ಏಂಜಲೀಸ್‌ನ ಹೊಂಜಿಗೆ ವಾಹನಗಳೇ ಮುಖ್ಯ ಕಾರಣವೆಂದು ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ ಮೇಲೆ ಚಿತ್ರ ಬದಲಾಯಿತು. ಈ ಕೊಳಕು ಹೊಗೆಯನ್ನು ಎಂಜಿನ್ನಿಗೇ ವಾಪಸು ಕುಡಿಸುವ ವ್ಯವಸ್ಥೆ 1961ರ ಮಾದರಿಗಳಿಂದ ಕ್ಯಾಲಿಫೋರ್ನಿಯದಲ್ಲಿ, 1963ರಿಂದ ಅಮೆರಿಕದಾದ್ಯಂತ ಕಾರುಗಳಲ್ಲಿ ಬಂತು.

ಊರಿನ ಗಾಳಿ ಚೊಕ್ಕಟವಾಯಿತು. ಎಂಜಿನ್ನಿನ ಗಾಳಿಗೆ ಮಾತ್ರ ಒದ್ದೆ ಹೊಗೆ ಬಂದು ಬೆರೆಯಿತು. ಕೊರೆಯುವ ಚಳಿಯಲ್ಲಿ ಹೆದ್ದಾರಿಯ ಮೇಲೆ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಕಾರು ಓಡುವಾಗ, ಈ ಬೆಚ್ಚನೆ ತೇವ ತಣ್ಣನೆ ಥ್ರಾಟಲ್ ತಗಡನ್ನು ಮುಟ್ಟಿ ಹೆಪ್ಪುಗಟ್ಟಬಲ್ಲದು. ತಗಡಿನ ಅಂಚು ಗೋಡೆಗೆ ಅಂಟಿಕೊಂಡರೆ? ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಎಂಜಿನ್ ವೇಗ ಇಳಿಸುವುದಿಲ್ಲ. ಕೆಳಗೆ ಮಂಜು ಬಿದ್ದ ಜಾರು ರಸ್ತೆ, ಮುಂದೆ ತಿರುವು! ಕೂಲೆಂಟಿನ ಆ ಎರಡು ಸಣ್ಣ ಪೈಪುಗಳು ಕಾಯುತ್ತಿರುವುದು ಈ ಒಂದು ಕ್ಷಣವನ್ನು.

ಹಳೆಯ ಹಲವು ಮಾದರಿಗಳಲ್ಲಿ ಆ ಬಿಸಿಗೆ ಇನ್ನೊಂದು ಕೆಲಸವೂ ಇತ್ತು. ಎಂಜಿನ್ ತಣ್ಣಗಿರುವಾಗ ಐಡ್ಲಿಂಗ್ ವೇಗ ಹೆಚ್ಚಿಟ್ಟು, ಬಿಸಿಯಾದ ಮೇಲೆ ಇಳಿಸುವ ಮೇಣದ ಕವಾಟವೊಂದು ಅಲ್ಲಿರುತ್ತಿತ್ತು. ಕೂಲೆಂಟ್ ತಾಗದಿದ್ದರೆ ಮೇಣ ಕರಗುವುದಿಲ್ಲ. ಎಂಜಿನ್ ಬಿಸಿಯಾದರೂ ಐಡ್ಲಿಂಗ್ ಇಳಿಯದೆ ಕಾರು ಸಿಗ್ನಲ್‌ನಲ್ಲಿ ನಿಂತಾಗಲೂ ಗುರುಗುಟ್ಟುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಸರಿಯಾಗಿ ಬಿಗಿಯದ ಪೈಪಿನಿಂದ ಕೂಲೆಂಟ್ ಸೋರಿ ಎಂಜಿನ್ ಕಾದು ಕೆಡುವುದು ಬೇರೆಯದೇ ನಷ್ಟ.

ಬಿಸಿ ಮಾಡುವ ಸಾಧನಗಳೇ ನಿರಪಾಯಕಾರಿ ಎಂದೂ ಹೇಳುವಂತಿಲ್ಲ. ಇದೇ ಒದ್ದೆ ಹೊಗೆಯ ಕವಾಟ ಹೆಪ್ಪುಗಟ್ಟದಿರಲೆಂದು ಇಟ್ಟಿದ್ದ ವಿದ್ಯುತ್ ಹೀಟರಿನಿಂದ ಬೆಂಕಿ ಹತ್ತಬಹುದೆಂದು ಜರ್ಮನಿಯ ಹೆಸರಾಂತ ಕಂಪನಿಯೊಂದು 2017ರಲ್ಲಿ ಅಮೆರಿಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ದುರಸ್ತಿಗೆ ವಾಪಸು ಕರೆಸಿಕೊಂಡಿತು. ಹೊಸ ಕಾರುಗಳಲ್ಲಿ ಕೆಲವಕ್ಕೆ ಥ್ರಾಟಲ್‌ನಲ್ಲಿ ಕೂಲೆಂಟ್ ಪೈಪೇ ಇರುವುದಿಲ್ಲ. ತಗಡನ್ನು ತಿರುಗಿಸುವ ವಿದ್ಯುತ್ ಮೋಟಾರಿಗೇ ಮಂಜು ಮುರಿಯುವ ಕೆಲಸವನ್ನೂ ವಹಿಸಿರುತ್ತಾರೆ. ಆದರೆ ತಯಾರಕರು ಬೇರೆ ದಾರಿ ಹುಡುಕಿ ಬಿಸಿಯನ್ನು ಬಿಟ್ಟದ್ದು ಒಂದು ಮಾತು. ಬೇರೆ ದಾರಿಯಿಲ್ಲದ ಕಾರಿನಿಂದ ಬಿಸಿಯನ್ನು ಕಿತ್ತುಹಾಕುವುದು ಇನ್ನೊಂದು ಮಾತು.

'ಆಫ್' ಎಂಬ ಒಂದು ಪದ

ಬಿಸಿಯನ್ನು ಹಗುರವಾಗಿ ಎಣಿಸಿದರೆ ಏನಾಗಬಹುದೆಂಬುದಕ್ಕೆ ಜೆಟ್ ಯುಗದ ಒಂದು ಕರಾಳ ಉದಾಹರಣೆಯಿದೆ. 1982ರ ಜನವರಿ 13, ವಾಷಿಂಗ್ಟನ್ ನಗರದಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲೋರಿಡಾದ 90ನೇ ಸಂಖ್ಯೆಯ ವಿಮಾನ, ಒಂದು ಬೋಯಿಂಗ್ 737, ಹೊರಡುವ ಮುನ್ನ ತಪಶೀಲು ಪಟ್ಟಿ ಓದಲಾಯಿತು. ಎಂಜಿನ್ನಿನ ಮಂಜುನಿರೋಧಕ ಬಿಸಿಯ ಸರದಿ ಬಂದಾಗ ಬಂದ ಉತ್ತರ 'ಆಫ್'. ಎಂಜಿನ್ನಿನ ಶಕ್ತಿಯನ್ನು ಅಳೆಯುವ ಮುಂಭಾಗದ ಸಣ್ಣ ನಳಿಕೆಗಳಲ್ಲಿ ಮಂಜು ಕಟ್ಟಿತು. ಎಂಜಿನ್ನುಗಳು ಪೂರ್ಣ ಶಕ್ತಿಯಲ್ಲಿವೆ ಎಂದು ಮಾಪಕ ಸುಳ್ಳು ತೋರಿಸಿತು. ಅಂಕಿಗಳು ಸರಿಯಿಲ್ಲವೆಂಬ ಅನುಮಾನ ಸಹಪೈಲಟ್‌ಗೆ ಬಂದಿತ್ತು. ಆದರೂ ವಿಮಾನ ಮೇಲೆದ್ದಿತು. ರೆಕ್ಕೆಗಳ ಮೇಲೂ ಹಿಮ, ಎಂಜಿನ್ನಿನಲ್ಲಿ ಅರೆಬರೆ ಶಕ್ತಿ. ಸೇತುವೆಯೊಂದಕ್ಕೆ ಬಡಿದು ಅದು ಹೆಪ್ಪುಗಟ್ಟಿದ ಪೊಟೊಮ್ಯಾಕ್ ನದಿಗೆ ಬಿತ್ತು. ವಿಮಾನದಲ್ಲಿದ್ದ 79 ಮಂದಿಯಲ್ಲಿ 74 ಮಂದಿ, ಸೇತುವೆಯ ಮೇಲಿದ್ದ ನಾಲ್ವರು ಸತ್ತರು.

ಇನ್ನೊಂದು ಘಟನೆ 2008ರ ಜನವರಿ 17ರದು. ಬೀಜಿಂಗ್‌ನಿಂದ ಲಂಡನ್ನಿಗೆ ಬಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ವಿಮಾನ ಇನ್ನೇನು ಇಳಿಯಬೇಕು, ನೆಲ ಕೇವಲ ಏಳುನೂರು ಅಡಿ ಕೆಳಗಿದೆ ಎನ್ನುವಾಗ ಎರಡೂ ಎಂಜಿನ್ನುಗಳು ಶಕ್ತಿ ಕೊಡಲು ನಿರಾಕರಿಸಿದವು. ವಿಮಾನ ರನ್‌ವೇ ಮುಟ್ಟದೆ ಹುಲ್ಲಿನ ಮೇಲೆ ಅಪ್ಪಳಿಸಿತು. ಒಳಗಿದ್ದ 152 ಮಂದಿಯೂ ಬದುಕಿದ್ದು ಪುಣ್ಯ. ತನಿಖೆ ಮುಗಿಯಲು ಎರಡು ವರ್ಷ ಹಿಡಿಯಿತು. ಇಲ್ಲಿಯೂ ಸಾಕ್ಷಿ ಕರಗಿಹೋಗಿತ್ತು. ದೀರ್ಘ ಹಾರಾಟದ ಚಳಿಯಲ್ಲಿ ಇಂಧನದೊಳಗಿನ ನೀರಿನಂಶ ಮಂಜಾಗಿ ಕೊಳವೆಗಳಲ್ಲಿ ಕೂತು, ಕೊನೆಯಲ್ಲಿ ಒಮ್ಮೆಗೇ ಕಿತ್ತುಬಂದು ಶಾಖ ವಿನಿಮಯ ಯಂತ್ರದ ಬಾಯಿಗೆ ಅಡರಿಕೊಂಡಿರಬೇಕೆಂಬ ತೀರ್ಮಾನಕ್ಕೆ ತನಿಖೆ ಬಂತು. ಆ ಯಂತ್ರದೊಳಗೆ ಸಾವಿರಕ್ಕೂ ಹೆಚ್ಚು ಸಪೂರ ನಳಿಕೆಗಳಿದ್ದವು. ಅವುಗಳ ತುದಿ ತಟ್ಟೆಯಿಂದ ತುಸುವೇ ಹೊರಚಾಚಿತ್ತು. ಆ ಚಾಚಿಕೆಯನ್ನು ತೆಗೆದು ಯಂತ್ರವನ್ನು ಹೊಸದಾಗಿ ರೂಪಿಸಲಾಯಿತು. ಮಂಜಿನ ವಿಷಯದಲ್ಲಿ ಮಿಲಿಮೀಟರುಗಳೂ ಲೆಕ್ಕಕ್ಕೆ ಬರುತ್ತವೆ.

ನಮ್ಮ ಚಳಿ, ಅವರ ಚಳಿ

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರವೇನು? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರ 7.8 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ಹುಬ್ಬಳ್ಳಿ, ಮಂಗಳೂರುಗಳ ಮಾತು ಹೇಳುವುದೇ ಬೇಡ. ಇಂಥ ಹವೆಯಲ್ಲಿ ಇಂಜೆಕ್ಷನ್ ಕಾರಿನ ಥ್ರಾಟಲ್ ಹೆಪ್ಪುಗಟ್ಟುವ ಸಂಭವ ಇಲ್ಲವೆಂದೇ ಹೇಳಬಹುದು. ಇಲ್ಲಿ ಪೈಪ್ ಕಿತ್ತರೆ ಅಪಾಯವೂ ಕಡಿಮೆ, ಪ್ರಯೋಜನವೂ ಇಲ್ಲ. ಮೇಣದ ಕವಾಟದ ಮಾದರಿಯಾದರೆ ನಷ್ಟವೇ ಹೆಚ್ಚು.

ಆದರೆ ಕಾರು ಕೊಂಡ ಊರಿನಲ್ಲೇ ಉಳಿಯುವ ವಸ್ತುವಲ್ಲ. ರೋಹ್ತಾಂಗ್ ಕಣಿವೆಯ ಕೆಳಗೆ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಮೇಲೆ, ಹಿಂದೆ ಚಳಿಗಾಲವಿಡೀ ಮುಚ್ಚಿರುತ್ತಿದ್ದ ಲಾಹೌಲ್ ಸೀಮೆಗೆ ಬಯಲುಸೀಮೆಯ ಕಾರುಗಳೂ ಹಿಮ ನೋಡಲು ಹೋಗತೊಡಗಿದವು. ಕೆಎ ಸಂಖ್ಯೆಯ ಫಲಕ ಹೊತ್ತ ವಾಹನಗಳು ಲೇಹ್, ಮನಾಲಿ ದಾರಿಯಲ್ಲಿ ಕಾಣಸಿಗುವುದು ಅಪರೂಪವೇನಲ್ಲ. ಟೊರಾಂಟೊ, ಮಿನಿಯಾಪೊಲಿಸ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ ಹೊಸದಲ್ಲ. ಅಂಥಲ್ಲಿ ಆ ಎರಡು ಪೈಪುಗಳನ್ನು ಕೀಳಬಾರದು. ಕಿತ್ತಿದ್ದರೆ ಚಳಿಯ ಸೀಮೆಗೆ ಹೊರಡುವ ಮುನ್ನ ಮತ್ತೆ ಜೋಡಿಸಬೇಕು. ಹಳೆಯ ಕಾರು ಕೊಳ್ಳುವವರು ಬಾನೆಟ್ ಎತ್ತಿ, ಹಿಂದಿನ ಮಾಲೀಕರು ಏನಾದರೂ ಕಿತ್ತಿದ್ದಾರೆಯೇ ಎಂದು ಮೆಕ್ಯಾನಿಕ್ಕಿಗೆ ತೋರಿಸಿಕೊಳ್ಳುವುದು ಜಾಣತನ.

ಅತಿ ಆಸೆ ಗತಿಗೇಡು ಎನ್ನುತ್ತದೆ ಗಾದೆ. ಇಲ್ಲಿರುವುದು ಅತಿ ಆಸೆಯೂ ಅಲ್ಲ. ಮೂರನೇ ಒಂದಂಶ ಅಶ್ವಶಕ್ತಿಯ ಅಲ್ಪಾಸೆ. ಅದಕ್ಕಾಗಿ ಒತ್ತೆ ಇಡುವುದು ಮಾತ್ರ ಅಲ್ಪವಲ್ಲ. ಪ್ಯಾರಾಚೂಟನ್ನೇ ಬಿಟ್ಟುಹೋದ ಲಿಂಡ್‌ಬರ್ಗ್ ಬಿಸಿಗಾಳಿಯ ಕೊಳವೆಯನ್ನು ಬಿಡಲಿಲ್ಲ. ಅರಿಜೋನದ ಕತ್ತಲಲ್ಲಿ ಎಂಜಿನ್ ಕೆಮ್ಮಿದ್ದನ್ನು ಅವನು ಸ್ವತಃ ಕೇಳಿಸಿಕೊಂಡಿದ್ದ.